ಬೋರಲಿಟ್ಟ ಬಕೆಟ್ಟು

"ಅಮ್ಮ, ನಾವು 'ಇದ್ದೀವಿ' ಅನ್ನೋವರೆಗೂ ಗಾಡಿಯಮ್ಮ ಯಾಕೆ ಹೋಗೋದೇ ಇಲ್ಲ?"

ಮಗಳು ಇದನ್ನು ಕೇಳಿದ್ದು ಬಚ್ಚಲಲ್ಲಿ, ತಲೆತುಂಬ ಸೋಪಿನ ನೊರೆ ಹೊತ್ತು ಕೂತಿದ್ದಾಗ. ಹೊರಗೆ ಕಸದ ಗಾಡಿ ಬಂದು ನಿಂತಿತ್ತು. ಆ ದಿನ ಹಾಕುವಂಥದ್ದು ಏನೂ ಇರಲಿಲ್ಲವೆಂದು ತಾಯಿ ಬಕೆಟ್ಟನ್ನು ಹೊಸಿಲಾಚೆ ಬೋರಲು ಹಾಕಿ ಬಂದಿದ್ದಳು. ಬೋರಲು ಬಿದ್ದ ಬಕೆಟ್ಟೆಂದರೆ ಈ ಮನೆಯಲ್ಲಿ ಇವತ್ತು ಕಸವಿಲ್ಲ, ನಿಲ್ಲಬೇಕಾಗಿಲ್ಲ ಎಂದು ಆ ಬೀದಿಯ ಲೆಕ್ಕ. ಆದರೂ ಗಾಡಿಯಮ್ಮ ನಿಂತಿದ್ದರು. "ಇದ್ದೀರಾ?" ಎಂದು ಒಂದು ಸಲ ಕೂಗಿ, ಗಾಡಿಯ ಹಿಡಿಯ ಮೇಲೆ ಮೊಣಕೈ ಊರಿ, ಅವಸರವೇ ಇಲ್ಲದವರ ಹಾಗೆ ಬಾಗಿಲನ್ನು ನೋಡುತ್ತಿದ್ದರು. ಎರಡನೆಯ ಸಲ ಕೂಗಿದಾಗ ಮಗಳೇ ನೊರೆಯೊಳಗಿಂದ "ಇದ್ದೀವೀ" ಎಂದು ರಾಗ ಎಳೆದಳು. "ಬದುಕು ಮಗಾ" ಎಂದಿತು ಹೊರಗಿನ ದನಿ. ಚಕ್ರ ಕಿರುಗುಟ್ಟಿತು, ಗಾಡಿ ಮುಂದೆ ಸರಿಯಿತು.

"ಅವರಿಗೆ ನಿನ್ನ ದನಿ ಕೇಳಬೇಕಂತೆ" ಎಂದು ತಾಯಿ ಮಗಳ ತಲೆಯ ಮೇಲೆ ನೀರು ಸುರಿದಳು. ಅದು ಸುಳ್ಳಲ್ಲ, ಆದರೆ ಅರ್ಧ ಬೆಂದ ಉತ್ತರ. ಐದು ವರ್ಷದ ಮಗುವಿಗೆ ಉಳಿದರ್ಧವನ್ನು ಹೇಗೆ ಬಡಿಸುವುದು ಎಂದು ಅವಳಿಗೆ ತಿಳಿಯಲಿಲ್ಲ. ಮಗುವಿನ ತಲೆ ಒರೆಸುವಾಗಲೂ, ಗುಂಡಿ ಹಾಕುವಾಗಲೂ, ಶಾಲೆಯ ಗೇಟಿನವರೆಗೆ ಕೈಹಿಡಿದು ನಡೆಯುವಾಗಲೂ ಆ ಉಳಿದರ್ಧ ಅವಳ ಜೊತೆಯಲ್ಲೇ ನಡೆಯಿತು.

ಗಾಡಿಯಮ್ಮನಿಗೆ ಅವರಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಪುರಸಭೆಯ ಹಾಜರಿಯಲ್ಲಿ ಬಿಟ್ಟರೆ ಅದನ್ನು ಯಾರೂ ಕರೆದದ್ದಿಲ್ಲ. ಬೀದಿಗೆ ಅವರು ಗಾಡಿಯಮ್ಮ, ಅಷ್ಟೆ. ಗಿಡ್ಡ ಆಳು, ಅಗಲ ಭುಜ, ತಲೆಗೆ ಬಿಗಿದ ಬಟ್ಟೆ, ಮೈಮೇಲೆ ಪುರಸಭೆಯ ಕಿತ್ತಳೆ ಬಣ್ಣದ ಕೋಟು. ಆ ಕೋಟು ಯಾವುದೋ ಎತ್ತರದ ಗಂಡಸಿನ ಅಳತೆಯದು. ತೋಳನ್ನು ಎರಡು ಸುತ್ತು ಮಡಚಿ ಒಳಗಿನಿಂದ ಹೊಲಿಗೆ ಹಾಕಿಕೊಂಡಿದ್ದರು. ಕೈಗವಸು ಎಡಗೈಗೆ ಮಾತ್ರ, ಕಸ ಮುಟ್ಟುವುದೂ ಆ ಒಂದೇ ಕೈ. ಬಲಗೈಯದನ್ನು ಕೋಟಿನ ಜೇಬಿಗೆ ತುರುಕಿರುತ್ತಿದ್ದರು. ಅದೇಕೆ ಎಂದರೆ, ಯಾವ ಮಗುವಾದರೂ ಬಂದು ಕೈ ಚಾಚಿದರೆ ಹಿಡಿಯುವುದಕ್ಕೆ ಒಂದು ಕೈಯಾದರೂ ಚೊಕ್ಕವಾಗಿರಲಿ ಎನ್ನುತ್ತಿದ್ದರು.

ಆ ಗಾಡಿ ಮೊದಲು ಅವರ ಗಂಡನದಾಗಿತ್ತು. ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ತುಂಬಿದ ಗಾಡಿ ಹಿಮ್ಮೆಟ್ಟಿ ಬಂದು ಆತನ ಸೊಂಟಕ್ಕೆ ಬಡಿಯಿತು. ಆಮೇಲೆ ಆತ ಎದ್ದು ನಡೆಯಲಿಲ್ಲ. ಹಾಸಿಗೆಯ ಮೇಲಿನ ಗಂಡ, ಸೊಂಟದ ಮೇಲಿನ ಮಗಳು, ಇಬ್ಬರನ್ನೂ ನೋಡಿಕೊಳ್ಳಲು ಪುರಸಭೆ ಆ ಗಾಡಿಯನ್ನೇ ಹೆಂಡತಿಯ ಕೈಗೆ ಕೊಟ್ಟಿತು. ಕೆಲಸ ಮುಗಿಸಿ ಮನೆಯ ತಿರುವಿಗೆ ಬಂದ ಕೂಡಲೇ ಅವರು "ಇದ್ದೀಯಾ?" ಎಂದು ಕೂಗುತ್ತಿದ್ದರಂತೆ. "ಇಲ್ಲ ಕಣೇ, ಓಡಾಡಿಕೊಂಡು ಬರೋಣ ಅಂತ ಹೋಗಿದ್ದೀನಿ" ಎಂದು ಆತ ಒಳಗಿನಿಂದ ಉತ್ತರಿಸುತ್ತಿದ್ದನಂತೆ. ಆ ಹಾಳು ಹಾಸ್ಯ ಬಹಳ ವರ್ಷ ನಡೆಯಿತು. ಒಂದು ಮಧ್ಯಾಹ್ನ ಉತ್ತರ ಬರಲಿಲ್ಲ. ಮಗಳು ಈಗ ಮದುವೆಯಾಗಿ ಬೇರೆ ಊರಿನ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಗಾಡಿಯಮ್ಮ ಇರುವುದು ಗಾಡಿಗಳನ್ನು ನಿಲ್ಲಿಸುವ ಶೆಡ್ಡಿನ ಹಿಂದಿನ ಒಂದು ಕೋಣೆಯಲ್ಲಿ. ಆ ಕಡೆಗೆ ಯಾವ ಗಾಡಿಯೂ ಹೋಗುವುದಿಲ್ಲ. "ನಮ್ಮನೆ ಕಸ ನಾನೇ ಹೊತ್ತು ತರ್ತೀನಿ. ಪುರಸಭೆಗೆ ಒಂದು ಮನೆ ಉಳಿತಾಯ" ಎಂದು ನಗುತ್ತಿದ್ದರು.

ಬೀದಿಯೆಂದರೆ ದೊಡ್ಡ ಬೀದಿಯಲ್ಲ. ಎದುರುಬದುರು ನಿಂತ ಮನೆಗಳ ಒಂದು ಕೆಳಸಾಲು, ಅದರ ಕೊನೆಯಲ್ಲಿ ಕಲ್ಲಿನ ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಮೇಲಿನ ಸಾಲು. ಗಾಡಿ ಮೆಟ್ಟಿಲು ಹತ್ತುವುದಿಲ್ಲವಾದ್ದರಿಂದ ಮೇಲಿನ ಮನೆಗಳ ಬಕೆಟ್ಟುಗಳನ್ನು ಗಾಡಿಯಮ್ಮನೇ ಹತ್ತಿಳಿದು ತರಬೇಕಾಗಿತ್ತು. ಬೀದಿಯ ಬಾಯಲ್ಲಿ ಪುರಸಭೆಯ ಲಾರಿ ಬಂದು ನಿಲ್ಲುತ್ತದೆ. ಲಾರಿ ಹೊರಡುವ ಮೊದಲು ಗಾಡಿ ಅಲ್ಲಿಗೆ ತಲುಪದಿದ್ದರೆ ಅಷ್ಟೂ ಕಸ ದಿನವಿಡೀ ಬೀದಿಯಲ್ಲೇ ನೊಣಕ್ಕೂ ನಾಯಿಗೂ ಔತಣ.

ಹಿಂದೆ ಗಾಡಿಗೆ ಇಬ್ಬರಿದ್ದರು. ಊರು ಬೆಳೆಯಿತು, ಆಳು ಬೆಳೆಯಲಿಲ್ಲ. ಒಬ್ಬರನ್ನು ಹೊಸ ಬಡಾವಣೆಗೆ ಹಾಕಿದರು. ಒಂಟಿ ಹೆಂಗಸು ಇಷ್ಟೂ ಬಾಗಿಲು ತಟ್ಟಿ ಲಾರಿ ಹಿಡಿಯುವುದು ಹೇಗೆ? ಬೀದಿಯ ಸಮಿತಿಯವರೂ ಪುರಸಭೆಯವರೂ ಕೂತು ಮಾತಾಡಿದರು. ಸಮಿತಿಗೆ ಮುಖ್ಯಸ್ಥರಾಗಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಎಲ್ಲರೂ ಅವರನ್ನು ಬ್ಯಾಂಕಿನವರು ಎಂದೇ ಕರೆಯುತ್ತಿದ್ದರು. ಬಕೆಟ್ಟಿನ ಉಪಾಯ ಹೊಳೆದದ್ದು ಅವರಿಗೇ. ಕಸ ಇದ್ದವರು ಬಕೆಟ್ಟನ್ನು ನೆಟ್ಟಗಿಡಿ, ಇಲ್ಲದವರು ಬೋರಲು ಹಾಕಿ. ಗಾಡಿ ನೆಟ್ಟಗಿರುವಲ್ಲಿ ಮಾತ್ರ ನಿಲ್ಲುತ್ತದೆ. ಬಾಗಿಲು ತಟ್ಟುವುದೂ ಬೇಡ, ಕಾಯುವುದೂ ಬೇಡ.

ಉಪಾಯ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಮಳೆಯಿರಲಿ ಬಿಸಿಲಿರಲಿ ಗಾಡಿ ಲಾರಿಗೆ ಮುಂಚೆ ಹಾಜರು. ಪುರಸಭೆಯ ಅಧಿಕಾರಿ ಬೇರೆ ಬೀದಿಯವರನ್ನು ಕರೆತಂದು ತೋರಿಸಿದರು. ನೆಟ್ಟಗೆ, ಬೋರಲು, ನೆಟ್ಟಗೆ, ಬೋರಲು ಎಂದು ಸಾಲಾಗಿ ಕೂತ ಬಕೆಟ್ಟುಗಳನ್ನು ಕಂಡು ಮಗುವಿನ ತಾಯಿಗೂ ಹೆಮ್ಮೆಯಾಗಿತ್ತು. ಆಗ ಅವಳು ಆ ಬೀದಿಗೆ ಬಂದು ಬಹಳ ದಿನವಾಗಿರಲಿಲ್ಲ. ಬಾಡಿಗೆ ಮನೆಯಾದರೂ ಒಳ್ಳೆಯ ಬೀದಿಯಲ್ಲಿ ಸಿಕ್ಕಿತು ಎಂದುಕೊಂಡಳು.

ಅವಳ ಮನೆ ಕೆಳಸಾಲಿನಲ್ಲಿ ಕೊನೆಯಿಂದ ಎರಡನೆಯದು. ಕೊನೆಯ ಕೋಣೆಯಲ್ಲಿ, ಮೆಟ್ಟಿಲ ಬುಡಕ್ಕೆ, ಬೀಗದಣ್ಣ ಇದ್ದರು. ಬೀಗ ರಿಪೇರಿ, ಕೀ ಮಾಡುವುದು ಅವರ ಕಸುಬು. ಒಂಟಿ ಜೀವ, ಮಾತು ಕಡಿಮೆ. ಬೀದಿಯಲ್ಲಿ ಯಾರು ಕೀ ಮರೆತರೂ, ಯಾವ ಬಾಗಿಲು ಹಟ ಹಿಡಿದರೂ ಅವರನ್ನೇ ಕರೆಯುವುದು. ಮಗಳು ಎರಡು ವರ್ಷದವಳಿದ್ದಾಗ ಅಡುಗೆಮನೆಯ ಚಿಲಕ ಹಾಕಿಕೊಂಡು ಒಳಗೆ ಸಿಕ್ಕಿಬಿದ್ದಳು. ಹೊರಗೆ ತಾಯಿ ಕೆಂಡದ ಮೇಲೆ ನಿಂತ ಹಾಗೆ ಒದ್ದಾಡುತ್ತಿದ್ದಳು. ಬೀಗದಣ್ಣ ಬಂದು, ಆತುರ ಪಡದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಾಗಿಲ ಸಂದಿಗೆ ಬಾಯಿಟ್ಟು ಮಗುವಿನ ಜೊತೆ ಮಾತಿಗಿಳಿದರು. ಕೀಗೆ ಎಷ್ಟು ಹಲ್ಲು, ನಿನಗೆ ಎಷ್ಟು ಹಲ್ಲು, ಯಾರದ್ದು ಚೂಪು ಎಂದೆಲ್ಲ ಕೇಳಿದರು. ಮಗು ಅಳು ನಿಲ್ಲಿಸಿ ತನ್ನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿರುವಾಗಲೇ ಚಿಲಕದ ಮೊಳೆಗಳು ಒಂದೊಂದಾಗಿ ಕಳಚಿದ್ದವು.

ಆ ವರ್ಷದ ಜ್ವರದ ಕಾಲದಲ್ಲಿ ಬೀಗದಣ್ಣನೂ ಮಲಗಿದರು. ಮಲಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಅಂಗಡಿ ತೆಗೆಯದ ದಿನ ಯಾರದೋ ಬಾಗಿಲು ರಿಪೇರಿಗೆ ಹೋಗಿದ್ದಾರೆಂದು ಜನ ತಿಳಿದರು. ಅವರ ಬಕೆಟ್ಟು ಬೋರಲಾಗಿತ್ತು. ಮರುದಿನವೂ ಬೋರಲು. ಅದರ ಮರುದಿನವೂ ಅಷ್ಟೇ. ಗಾಡಿ ಒಪ್ಪಂದದ ಪ್ರಕಾರ ಅದನ್ನು ದಾಟಿ ಹೋಯಿತು. ಪಕ್ಕದ ಮನೆಯ ತಾಯಿ ಮಗುವನ್ನು ಎತ್ತಿಕೊಂಡು ಅದೇ ಬಕೆಟ್ಟನ್ನು ಬಳಸಿ ಮೆಟ್ಟಿಲು ಹತ್ತಿ ಇಳಿದಳು. ಬೀದಿಗೆ ಬೀದಿಯೇ ದಾಟಿ ಹೋಯಿತು.

ಕೊನೆಗೆ ತಿಳಿದದ್ದು ಬ್ಯಾಂಕಿನವರು ತಮ್ಮ ಮನೆಯ ಕೀ ಕಳೆದುಕೊಂಡು ಬೀಗದಣ್ಣನ ಬಾಗಿಲು ತಟ್ಟಿದಾಗ. ಒಳಗಿನಿಂದ ಬೀಗ ಬಿದ್ದಿತ್ತು. ಎಷ್ಟು ತಟ್ಟಿದರೂ ಓ ಎನ್ನುವವರಿಲ್ಲ. ಜನ ಸೇರಿದರು. ಆ ಬಾಗಿಲು ತೆರೆಯಬಲ್ಲವನು ಬೀದಿಯಲ್ಲಿ ಒಬ್ಬನೇ ಇದ್ದ, ಅವನು ಒಳಗಿದ್ದ. ಗಾಡಿಯ ಶೆಡ್ಡಿನಿಂದ ಕಬ್ಬಿಣದ ಹಾರೆ ತಂದು ಮೀಟಿದರು. ಬೀಗದಣ್ಣ ಮಂಚಕ್ಕೂ ನಲ್ಲಿಗೂ ನಡುವೆ ನೆಲದ ಮೇಲೆ ಬಿದ್ದಿದ್ದರು. ಕೈ ನಲ್ಲಿಯ ಕಡೆಗೆ ಚಾಚಿತ್ತು. ಬಂದ ಡಾಕ್ಟರು ಎರಡು ದಿನ ಮುಂಚೆ ತಿಳಿದಿದ್ದರೆ ಎಂದು ಶುರು ಮಾಡಿ, ಸುತ್ತ ನಿಂತವರ ಮುಖ ನೋಡಿ ಮಾತು ನುಂಗಿದರು.

ಕೋಣೆಯ ಮೂಲೆಯಲ್ಲಿದ್ದ ಒಲೆ ತಣ್ಣಗಿತ್ತು. ತೊಳೆದ ಪಾತ್ರೆ ತೊಳೆದ ಹಾಗೇ ಒಣಗಿತ್ತು. ಒಂದು ಸಿಪ್ಪೆ, ಒಂದು ಚೂರು ಕಾಗದ ಎಲ್ಲೂ ಇರಲಿಲ್ಲ. ಗಾಡಿಯಮ್ಮ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿ, ಹೊರಗೆ ಬಂದು, ಬೋರಲು ಬಿದ್ದ ಬಕೆಟ್ಟಿನ ಪಕ್ಕ ಮೆಟ್ಟಿಲ ಮೇಲೆ ಕೂತರು.

"ಒಲೆ ಹಚ್ಚದವನ ಮನೇಲಿ ಕಸ ಎಲ್ಲಿಂದ ಬರಬೇಕು?" ಎಂದರು. ಯಾರನ್ನೂ ನೋಡಿ ಹೇಳಿದ್ದಲ್ಲ. "ಬಕೆಟ್ಟು ಸುಳ್ಳು ಹೇಳ್ಲಿಲ್ಲ. ಕಸ ಇಲ್ಲ ಅಂತು. ಯಾಕಿಲ್ಲ ಅಂತ ನಾವ್ಯಾರೂ ಕೇಳ್ಲಿಲ್ಲ."

ಮಾರನೆಯ ಬೆಳಿಗ್ಗೆಯಿಂದ ಅವರು ಕೂಗತೊಡಗಿದರು. ನೆಟ್ಟಗಿದ್ದ ಬಕೆಟ್ಟಿನ ಮನೆಗಳಲ್ಲಿ ಕೂಗುವುದಿಲ್ಲ. ಸಿಪ್ಪೆ ಇದ್ದರೆ ಸಿಪ್ಪೆ ಸುಲಿದವರೂ ಇರುತ್ತಾರೆ. ಬೋರಲಿದ್ದ ಕಡೆ ಗಾಡಿ ನಿಲ್ಲಿಸಿ, "ಇದ್ದೀರಾ?" ಉತ್ತರ ಬರುವವರೆಗೆ ಕದಲುತ್ತಿರಲಿಲ್ಲ. ಮೊದಲು ಕೆಲವು ದಿನ ಜನ ತಲೆತಗ್ಗಿಸಿ ಉತ್ತರ ಕೊಟ್ಟರು. ಸಾವಿನ ನೆನಪು ಹಸಿಯಾಗಿತ್ತು. ಅದು ಒಣಗುತ್ತ ಬಂದ ಹಾಗೆ ಮುಖಗಳು ಗಂಟಾದವು. ಬಚ್ಚಲಲ್ಲಿದ್ದವರು ಬಚ್ಚಲಿನಿಂದ ಕಿರುಚಬೇಕು, ಪೂರ್ತಿ ಎಚ್ಚರವಾಗದವರು ಕನಸಿನಿಂದ ಉತ್ತರಿಸಬೇಕು. ಮೇಲಿನ ಸಾಲಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಹೆಂಗಸೊಬ್ಬಳಿದ್ದಳು, ಹೊಲಿಗೆಯವಳು. ನಾಲಿಗೆ ಅವಳ ಕತ್ತರಿಗಿಂತ ಚೂಪು. ಬೆಳಗಾದರೆ ಬದುಕಿದ್ದೀವಿ ಅಂತ ಹಾಜರಿ ಕೊಡಬೇಕು, ನಾವೇನು ಜೈಲಲ್ಲಿದ್ದೀವಾ ಎಂದು ಅವಳು ಕಿಟಕಿಯಿಂದ ಕೇಳಿದಳು.

ಎದುರು ಸಾಲಿನಲ್ಲಿ ರಾತ್ರಿ ಪಾಳಿಯ ಕಾವಲುಗಾರನೊಬ್ಬನಿದ್ದ. ಅವನು ಕೆಲಸ ಮುಗಿಸಿ ಬಂದು ಕಣ್ಣು ಮುಚ್ಚುವ ಹೊತ್ತಿಗೇ ಗಾಡಿ ಬರುವುದು. ಒಂದು ದಿನ ಅವನು ಬಾಗಿಲು ತೆರೆದು ಕೆಂಗಣ್ಣು ಬಿಟ್ಟ.

"ನೀವು ಕೂಗೋ ಭರಕ್ಕೆ ಸತ್ತವರೂ ಎದ್ದು ಬರ್ತಾರೆ, ಗಾಡಿಯಮ್ಮ."

ಹಾರೆಯ ಗುರುತು ಇನ್ನೂ ಮಾಸಿರದ ಬೀಗದಣ್ಣನ ಬಾಗಿಲು ಅವನ ಎದುರಿಗೇ ಇತ್ತು. ಗಾಡಿಯಮ್ಮ ಅದರ ಕಡೆ ಒಮ್ಮೆ ನೋಡಿದರು.

"ಬರ್ಲಿಲ್ಲವಲ್ಲ ಅಪ್ಪಾ" ಎಂದರು.

ಕಾವಲುಗಾರ ಬಾಗಿಲು ಮುಚ್ಚಿಕೊಂಡ. ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ಆದರೆ ಲಾರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಕೆಳಸಾಲು ಕೂಗಿ, ಮೇಲಿನ ಸಾಲಿಗೆ ಹತ್ತಿ ಕೂಗಿ, ಬಕೆಟ್ಟು ಇಳಿಸಿ, ಗಾಡಿ ತಳ್ಳಿಕೊಂಡು ಬರುವಷ್ಟರಲ್ಲಿ ಲಾರಿ ಹೊರಟುಹೋಗಿರುತ್ತಿತ್ತು. ತುಂಬಿದ ಗಾಡಿ ಬೀದಿಯಲ್ಲೇ ನಾರಿತು. ಪುರಸಭೆಗೆ ದೂರು ಹೋಯಿತು. ಮೇಸ್ತ್ರಿ ಬಂದು ಗಾಡಿಯಮ್ಮನಿಗೆ ಹೇಳಿದ್ದನ್ನು ತಾಯಿ ಕಿಟಕಿಯಿಂದ ಕೇಳಿಸಿಕೊಂಡಳು. ಮೇಸ್ತ್ರಿ ಕೆಟ್ಟವನಲ್ಲ, ಗಾಡಿಯಮ್ಮನ ಗಂಡನ ಕೈಕೆಳಗೆ ಕೆಲಸ ಕಲಿತವನು. ಅಕ್ಕಾ, ಊರ ಉಸಾಬರಿ ನಿನಗ್ಯಾಕೆ, ಹೇಳಿದಷ್ಟು ಮಾಡು ಎಂದು ಅಂಗಲಾಚಿದ. ಇನ್ನೊಂದು ಸಲ ಲಾರಿ ತಪ್ಪಿದರೆ ಈ ಬೀದಿ ಬಿಡಿಸಿ ಮಾರ್ಕೆಟ್ಟು ಗುಡಿಸೋಕೆ ಹಾಕ್ತಾರೆ, ನನ್ನ ಕೈಯಲ್ಲಿಲ್ಲ ಎಂದ. ಗಾಡಿಯಮ್ಮ ಗೋಣು ಆಡಿಸಿದರು. ಮಾರನೆಯ ದಿನ ಬಂದು ಮತ್ತೆ ಕೂಗಿದರು.

ಅವತ್ತು ತಾಯಿ ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೇಲಿನ ಸಾಲಿನ ಎರಡು ಬಕೆಟ್ಟುಗಳನ್ನು ಕೆಳಗಿಳಿಸಿಕೊಟ್ಟಳು. ಅದರಿಂದ ಲಾರಿ ಸಿಕ್ಕಲಿಲ್ಲ. ಆದರೆ ಬಕೆಟ್ಟು ಹಿಡಿದ ಅವಳನ್ನು ಹೊಲಿಗೆಯವಳು ಕಿಟಕಿಯಿಂದ ನೋಡುತ್ತಿದ್ದಳು.

ಗಾಡಿಯಮ್ಮನನ್ನು ಬೀದಿ ಬಿಡಿಸುವ ಮುಂಚೆ ಒಮ್ಮೆ ಮಾತಾಡೋಣವೆಂದು ಪುರಸಭೆಯ ಅಧಿಕಾರಿಯೂ ಬೀದಿಯವರೂ ಮತ್ತೆ ಕೂತದ್ದು ಶಾಲೆಯ ಚಿಕ್ಕ ಮಕ್ಕಳ ಕೋಣೆಯಲ್ಲಿ. ಬೇರೆ ಜಾಗವಿರಲಿಲ್ಲ. ದೊಡ್ಡವರೆಲ್ಲ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಪುಟ್ಟ ಬೆಂಚುಗಳ ಮೇಲೆ ಮುದುಡಿ ಕೂತಿದ್ದರು. ಅಧಿಕಾರಿ ಮೇಷ್ಟ್ರ ಕುರ್ಚಿಯಲ್ಲಿ ಕೂರಲು ಸಂಕೋಚಪಟ್ಟು ತಾವೂ ಬೆಂಚಿನಲ್ಲೇ ಕೂತರು. ಗಾಡಿಯಮ್ಮ ಮಾತ್ರ ಬಾಗಿಲ ಬಳಿ ನಿಂತರು. ಕೂತರೆ ಏಳುವುದು ಕಷ್ಟ, ಮಂಡಿ ಆಗಲೇ ಹೇಳಿದ ಮಾತು ಕೇಳುತ್ತಿರಲಿಲ್ಲ.

ಮಾತು ಹತ್ತಿಕೊಂಡಿತು, ಉರಿಯಿತು, ಆರಿತು. ನಾತದ ಬಗ್ಗೆ ಹೇಳುವವರು ಹೇಳಿದರು. ಬ್ಯಾಂಕಿನವರು ಗೋಡೆಯ ಮೇಲಿನ ಅಕ್ಷರಮಾಲೆ ನೋಡುತ್ತ ಕೂತಿದ್ದರು. ಉಪಾಯ ತಮ್ಮದಾಗಿತ್ತು ಎಂಬುದನ್ನು ಅವರು ಮರೆತಿರಲಿಲ್ಲ, ಉಳಿದವರು ಮರೆತಂತೆ ನಟಿಸುತ್ತಿದ್ದರು. ಕೊನೆಗೆ ಎದ್ದವಳು ಹೊಲಿಗೆಯವಳು.

"ಮೆಟ್ಟಿಲು ಹತ್ತಿ ಇಳಿಯೋದ್ರಲ್ಲೇ ಅಲ್ವಾ ಅರ್ಧ ಹೊತ್ತು ಹೋಗೋದು? ನಮ್ಮ ಬಕೆಟ್ಟು ನಾವೇ ಇಳಿಸ್ತೀವಿ. ಕೈಕಾಲು ಆಗದವರದ್ದು ಪಕ್ಕದವರು ತರ್ಲಿ. ಬೋರಲು ಹಾಕಿದವರನ್ನ ಇವರು ಕೆಳಗೆ ನಿಂತೇ ಕೂಗ್ಲಿ, ಆ ಗಂಟಲು ಮೂರು ಬೀದಿಗೆ ಕೇಳತ್ತೆ. ನಾವು ಕಿಟಕಿಯಿಂದ ಓ ಅಂತೀವಿ. ಬಾಯಿ ಸವೆಯಲ್ಲ."

ಯಾರೋ, ನಿನ್ನದು ಸವೆದಿದ್ದರೆ ಬೀದಿ ಯಾವತ್ತೋ ಉದ್ಧಾರವಾಗುತ್ತಿತ್ತು ಎಂದರು. ಬಹಳ ದಿನದ ಮೇಲೆ ಜನ ನಕ್ಕರು. ಅಧಿಕಾರಿ ತಮ್ಮ ಪಾಲಿಗೆ ಲಾರಿಯ ಹಾದಿ ತಿರುಗಿಸಲು ನೋಡುತ್ತೇನೆಂದರು: ಮೊದಲು ಮಾರ್ಕೆಟ್ಟು, ಆಮೇಲೆ ಈ ಬೀದಿ. ಮಾರ್ಕೆಟ್ಟಿನವರು ಒಪ್ಪಬೇಕು, ಒಪ್ಪಿಸಿ ಬರುತ್ತೇನೆ, ಬರದಿದ್ದರೆ ಬೈಯಿರಿ ಎಂದರು. ಉತ್ತರ ಬಾರದ ಮನೆಗೆ ಏನು ಮಾಡುವುದು ಎಂಬುದನ್ನೂ ಗೊತ್ತುಮಾಡಿದರು. ಮೂರನೆಯ ಕೂಗಿಗೂ ಸದ್ದಿಲ್ಲದಿದ್ದರೆ ಗಾಡಿಯಮ್ಮ ಪಕ್ಕದ ಮನೆಗೆ ಹೇಳುವುದು, ಪಕ್ಕದವರ ಬಳಿ ಇನ್ನೊಂದು ಕೀ ಇರುವುದು, ಬೇಕಾದರೆ ಪುರಸಭೆಯ ಆಸ್ಪತ್ರೆಯ ನರ್ಸಮ್ಮ ಬರುವುದು. ಆಕೆಯ ಫೋನ್ ನಂಬರನ್ನು ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು.

ಆಗ ಬ್ಯಾಂಕಿನವರು ಎದ್ದು, ಕೂಗುವುದನ್ನೂ ಒಪ್ಪಂದದಲ್ಲಿ ಸೇರಿಸಿಬಿಡಿ, ಅದು ಗಾಡಿಯ ಕೆಲಸವೆಂದೇ ಬರೆಯಿರಿ, ಮುಂದೆ ಯಾರೂ ತಪ್ಪಿಸಬಾರದು ಎಂದರು. ಅಧಿಕಾರಿ ತಲೆ ಅಲ್ಲಾಡಿಸಿದರು.

"ಬರೆದರೆ ಅದು ಇವರ ಹೊಣೆ ಆಗತ್ತೆ. ಒಂದು ದಿನ ಗಂಟಲು ಕಟ್ಟಿ ಕೂಗದೇ ಹೋದ್ರು ಅಂತಿಟ್ಕೊಳ್ಳಿ, ಆವತ್ತೇ ಏನಾದ್ರೂ ಆಯ್ತು. ಯಾಕೆ ಕೂಗಲಿಲ್ಲ ಅಂತ ಇವರನ್ನ ನಿಲ್ಲಿಸಿ ಕೇಳ್ತಾರೆ. ದಾಟಿ ಹೋದ ನಿಮ್ಮನ್ನ ಯಾರೂ ಕೇಳಲ್ಲ."

ಬಾಗಿಲ ಬಳಿಯಿಂದ ಗಾಡಿಯಮ್ಮ, "ಬರ್ಯೋದು ಬೇಡ ಸಾರ್. ಬಾಯಿದೆಯಲ್ಲ" ಎಂದರು. ಹಾಗಾಗಿ ಅದನ್ನು ಎಲ್ಲೂ ಬರೆಯಲಿಲ್ಲ.

ಅಧಿಕಾರಿ ಬೈಸಿಕೊಳ್ಳಲಿಲ್ಲ, ಲಾರಿಯ ಹಾದಿ ತಿರುಗಿತು. ಮೇಲಿನ ಸಾಲಿನವರು ಬಕೆಟ್ಟು ಹಿಡಿದು ಮೆಟ್ಟಿಲು ಇಳಿಯತೊಡಗಿದರು. ಇಳಿದವರು ಒಂದು ಮಾತು ಆಡಿ ಹತ್ತಿದರು. ಯಾರ ಕಾಲು ಉಳುಕಿದೆ, ಯಾರ ಮಗಳಿಗೆ ಹೆರಿಗೆ ಹತ್ತಿರ ಎಂಬುದು ಬಕೆಟ್ಟಿನ ಜೊತೆ ಕೆಳಗಿಳಿಯಿತು. ಕೀಗಳು ಗೋಡೆ ದಾಟಿ ಪಕ್ಕದ ಮನೆಯ ಮೊಳೆಗೆ ನೇತುಬಿದ್ದವು.

ಹಾಗೆಂದು ಕೂಗಿನಿಂದ ಯಾರ ಜೀವವೂ ಉಳಿಯಲಿಲ್ಲ. ಉಳಿಸಬೇಕಾದ ಜೀವ ಯಾವುದೂ ಬರಲಿಲ್ಲ. ಒಂದೇ ಒಂದು ಸಲ ಮೂರನೆಯ ಕೂಗಿಗೂ ಉತ್ತರವಿಲ್ಲದೆ ಪಕ್ಕದವರು ಕೀ ಹಾಕಿ ಕಾವಲುಗಾರನ ಮನೆಗೆ ನುಗ್ಗಿದರು. ಅವನು ಕಿವಿಗೆ ಹತ್ತಿ ತುರುಕಿಕೊಂಡು, ಚಡ್ಡಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಕಣ್ಣು ಬಿಟ್ಟರೆ ಮಂಚದ ಸುತ್ತ ಅರ್ಧ ಬೀದಿ. ಆಮೇಲೆ ಬಹಳ ದಿನ ಅವನು ಕಸವಿರಲಿ ಇಲ್ಲದಿರಲಿ ಬಕೆಟ್ಟನ್ನು ನೆಟ್ಟಗಿಟ್ಟು, ಅದರಲ್ಲಿ ಒಂದು ಕಾಗದದ ಉಂಡೆ ಹಾಕಿ ಮಲಗುತ್ತಿದ್ದ.

ದಿನಗಳು ಹೀಗೇ ಉರುಳಿದವು. ಎತ್ತಿಕೊಂಡ ಮಗು ನಡೆಯುವ ಮಗುವಾಯಿತು, ಬಚ್ಚಲಿನಿಂದ ರಾಗ ಎಳೆಯುವ ಮಗುವಾಯಿತು. ಗಾಡಿಯಮ್ಮನ ಮಂಡಿಗಳು ಮಾತ್ರ ಹಟ ಬಿಡಲಿಲ್ಲ. ಮಗಳು ಸ್ನಾನದ ನಡುವೆ ಆ ಪ್ರಶ್ನೆ ಕೇಳಿದ ತಿಂಗಳೇ ಅವರ ನಿವೃತ್ತಿಯ ತಿಂಗಳು. ಗಾಡಿಯಮ್ಮನ ಮಗಳಿರುವ ಊರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನವೂ ಸಿಕ್ಕಿತ್ತು.

ಗಾಡಿಗೆ ಹೊಸಬಳೊಬ್ಬಳು ಬಂದಳು. ಎರಡು ಮಕ್ಕಳ ತಾಯಿ, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಚುರುಕು. ಗಾಡಿಯನ್ನು ತಿರುವಿನಲ್ಲಿ ಒಂದೇ ಕೈಯಲ್ಲಿ ಹೊರಳಿಸುತ್ತಿದ್ದಳು. ಒಂದು ವಾರ ಗಾಡಿಯಮ್ಮ ಕೋಲೂರಿಕೊಂಡು ಅವಳ ಹಿಂದೆ ನಡೆದರು, ಯಾವ ಮನೆಯಲ್ಲಿ ಯಾರು, ಯಾರ ಕಿವಿ ಮಂದ ಎಂದು ತೋರಿಸಿಕೊಟ್ಟರು. ಹೊಸಬಳು ಬೋರಲು ಬಕೆಟ್ಟಿನ ಮುಂದೆ ಒಂದು ಸಲ ಕೂಗಿ, ಉತ್ತರಕ್ಕೆ ಮುಂಚೆಯೇ ಹಿಡಿಗೆ ಕೈಹಾಕುತ್ತಿದ್ದಳು. ಆಮೇಲೆ ಹಿಂದೆ ತಿರುಗಿ ಗಾಡಿಯಮ್ಮನನ್ನು ನೋಡಿ ನಿಲ್ಲುತ್ತಿದ್ದಳು. ಅವಳ ಮಕ್ಕಳು ಶಾಲೆಗೆ ಹೊರಡುವ ಮುಂಚೆ ಮನೆ ಸೇರಬೇಕಿತ್ತು. ಅವಳದೂ ಸುಳ್ಳಲ್ಲ. ಇಷ್ಟು ವರ್ಷ ಕೂಗಿ ಯಾರಿಗೆ ಏನಾಯ್ತಕ್ಕಾ ಎಂದು ಅವಳು ಒಮ್ಮೆ ನೇರವಾಗೇ ಕೇಳಿದ್ದಳು. ಏನೂ ಆಗಲಿಲ್ಲ ಕಣೆ, ದಿನಾ ಅದನ್ನೇ ಕೇಳ್ಕೊಂಡು ಹೋಗ್ತಿದ್ದೆ ಎಂದು ಗಾಡಿಯಮ್ಮ ಹೇಳಿದ್ದರು. ಅದು ಹೊಸಬಳಿಗೆ ತಾಗಿತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ.

ಊರಿಗೆ ಹೊರಡಲು ಎರಡು ದಿನ ಇದ್ದಾಗ, ಒಂದು ಸಂಜೆ, ಗಾಡಿಯಮ್ಮ ಮಗುವಿನ ತಾಯಿಯ ಮನೆಗೆ ಬಂದರು. ಕಿತ್ತಳೆ ಕೋಟು ಇರಲಿಲ್ಲ. ಕೋಟಿಲ್ಲದೆ ಅವರು ಇನ್ನೂ ಗಿಡ್ಡವಾಗಿ, ಯಾರ ಮನೆಯ ಅಜ್ಜಿಯಾದರೂ ಆಗಬಹುದಾದವರ ಹಾಗೆ ಕಂಡರು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೊಸಿಲ ಮೇಲೆ ಗೋಡೆಗೊರಗಿ ಕೂತು ನೀರು ಕೇಳಿ ಕುಡಿದರು. ಮಗಳು ಬಂದು ಅವರ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಪಕ್ಕದ ಕೋಣೆಯಲ್ಲಿ ದೀಪ ಹತ್ತಿತು. ಬೀಗದಣ್ಣನ ಕೋಣೆಗೆ ಕೆಲವು ತಿಂಗಳ ಹಿಂದೆ ಒಬ್ಬ ವಯಸ್ಸಾದ ಹೆಂಗಸು ಬಾಡಿಗೆಗೆ ಬಂದಿದ್ದರು. ಒಬ್ಬರೇ. ತಿನ್ನುವುದು ಹಕ್ಕಿಯಷ್ಟು, ಹಾಗಾಗಿ ಬಕೆಟ್ಟು ಹೆಚ್ಚಿನ ದಿನ ಬೋರಲು. ಗಾಡಿಯಮ್ಮ ಆ ದೀಪವನ್ನೇ ನೋಡುತ್ತಿದ್ದರು.

"ಆ ಯಮ್ಮನಿಗೆ ಕೂಗು ಕಿವಿಗೆ ಬಿದ್ದು, ಉಸಿರು ಕೂಡಿಸ್ಕೊಂಡು ಓ ಅನ್ನೋಕೆ ಹೊತ್ತು ಹಿಡಿಯತ್ತೆ" ಎಂದರು. "ಇವಳು ಅಷ್ಟು ಹೊತ್ತು ನಿಲ್ತಾಳಾ ಅಂತ."

"ನಿಮ್ಮ ಮುಂದೆ ನಿಲ್ತಾಳಲ್ಲ ಗಾಡಿಯಮ್ಮ."

"ಮುಂದೆ ಇದ್ದಾಗ ಎಲ್ಲರೂ ಒಳ್ಳೆಯವರೇ ತಾಯಿ. ನಾಳೆ ಅವಳೊಬ್ಬಳೇ ಬರ್ತಾಳೆ. ನಾನು ಇವತ್ತೇ ಊರಿಗೆ ಹೊರಟೆ ಅಂತ ಅವಳಿಗೆ ಹೇಳಿದ್ದೀನಿ."

ತಾಯಿಗೆ ತಟ್ಟನೆ ಅರ್ಥವಾಗಲಿಲ್ಲ. ಗಾಡಿಯಮ್ಮ ಮಗುವಿನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತ, ತಮ್ಮ ಮಾತನ್ನೂ ಹಾಗೇ ಬಿಡಿಸಿ ಹೇಳಿದರು. ಬೀದಿಯ ಬಾಯಲ್ಲಿ, ಗೋಡೆಯ ಮರೆಗೆ, ಅವರು ಕೂತಿರುತ್ತಾರೆ. ಅಲ್ಲಿಗೆ ಬೀದಿ ಕಾಣುವುದಿಲ್ಲ, ಆದರೆ ಕೇಳುತ್ತದೆ. ಚಕ್ರದ ಕಿರುಗುಟ್ಟು ಅವರಿಗೆ ತಮ್ಮ ಉಸಿರಿನಷ್ಟು ಪರಿಚಯ. ಉತ್ತರ ಬರುವ ಮೊದಲೇ ಚಕ್ರ ಕಿರುಗುಟ್ಟಿದರೆ ಆಪರೇಷನ್ ಮುಂದಕ್ಕೆ. ಇನ್ನಷ್ಟು ದಿನ ಕೋಲೂರಿಕೊಂಡು ಅವಳ ಜೊತೆ ನಡೆಯುತ್ತಾರೆ. ಮೇಸ್ತ್ರಿಗೆ ಹೇಳುವುದಿಲ್ಲ, ಅವಳಿಗೂ ಹೇಳುವುದಿಲ್ಲ. ಪಾಪ, ಮಕ್ಕಳೊಂದಿಗಳು.

ತಾಯಿ ಬೇಡವೆಂದಳು. ಆ ಆಸ್ಪತ್ರೆಯಲ್ಲಿ ದಿನ ಸಿಗಲು ಎಷ್ಟು ಕಾದಿದ್ದರು, ಬಿಟ್ಟರೆ ಮತ್ತೆ ಯಾವಾಗ, ಈ ಮಂಡಿಯಲ್ಲಿ ಇನ್ನೆಷ್ಟು ನಡೆಯುತ್ತೀರಿ ಎಂದೆಲ್ಲ ಹೇಳಿದಳು. ಗಾಡಿಯಮ್ಮ ಪೂರ್ತಿ ಕೇಳಿಸಿಕೊಂಡರು, ಮಂಡಿಯನ್ನು ಒಮ್ಮೆ ಸವರಿಕೊಂಡರು.

"ಅದಕ್ಕೇ ನಿನ್ನ ಹತ್ರ ಬಂದದ್ದು. ಪಕ್ಕದ ಯಮ್ಮನಿಗೆ ಸುಮ್ಮನಿರು ಅಂತ ಹೇಳೋಕಾಗತ್ತಾ? ಈ ವಯಸ್ಸಲ್ಲಿ ಅಂಥ ಆಟ ಆಡಿಸಬಾರದು. ನಿನಗೆ ಹೇಳಬಹುದು. ನನಗೊಂದು ಉಪಕಾರ ಮಾಡು. ನಾಳೆ ಬಕೆಟ್ಟು ಬೋರಲು ಹಾಕು, ಕಸ ಇದ್ರೂ ಒಳಗಿಟ್ಕೋ. ಅವಳು ಕೂಗ್ತಾಳೆ. ನೀನು ಓ ಅನ್ನಬೇಡ."

"ನಾನು ಅಂತೀನಿ" ಎಂದಳು ಮಗಳು.

"ನೀನೂ ಅನ್ನಬಾರದು ಮಗಾ. ನಾಳೆ ಒಂದು ದಿನ. ಅಮ್ಮ ಬಾಯಿಗೆ ಏನಾದ್ರೂ ಸಿಹಿ ಹಾಕ್ತಾಳೆ." ಮಗಳು ತುಟಿ ಒಳಗೆ ಮಡಚಿ, ಅಭ್ಯಾಸಕ್ಕೆಂಬಂತೆ ಆಗಲೇ ಬಾಯಿ ಮುಚ್ಚಿಕೊಂಡಳು. ಗಾಡಿಯಮ್ಮ ಗ್ಲಾಸನ್ನು ತಾಯಿಯ ಕೈಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಎದ್ದರು.

"ಎರಡನೇ ಸಲ ಕೂಗಿದ್ರೂ ಸುಮ್ಮನಿರು. ಕರುಳು ಚುರ್ ಅನ್ನತ್ತೆ, ಆದ್ರೂ ಸುಮ್ಮನಿರು. ಅವಳು ನಿಂತು ಮೂರನೇ ಸಲ ಕೂಗಿದ್ರೆ ಮಾತ್ರ, ಆಗ ಹೇಳು. ಇಬ್ಬರೂ ಸೇರಿ ಗಟ್ಟಿಯಾಗಿ ಹೇಳಿ, ಇದ್ದೀವಿ ಅಂತ. ನಾನು ಬೀದಿ ಬಾಯಲ್ಲಿರ್ತೀನಿ. ನನಗೂ ಕೇಳಬೇಕು."